ಶ್ರಾವಣದಾಗ ಮಾಳುನ ಅಣಬಿ ಸಾರು

"ಅಡಗಿ ವಿಷಯದಾಗ ನನ್ನ ಏನಂತ ತಿಳದಿ? ಹಂಡೆಗಟ್ಟಲೆ ಖಂಡ ಕುದಿಸಿದ ಕೈ ಇದು! ನಾಳೆ ಸಂಜೀಕ ಹಂತಾ ಸಾರು ಮಾಡಿ ಉಣಸ್ತೇನಿ ನೋಡು, ಉಂಡ ಕೈ ತೊಳ್ಕೊಳ್ಳಾಕ ನಿನಗ ಮನಸ ಬರಬಾರದು. ಉಣಸಲಿಲ್ಲ ಅಂದ್ರ ನನ್ನ ಹೆಸರ ಮಾಳು ಅಲ್ಲ!"

ಹಿಂಗಂತ ಎದಿ ತಟ್ಟಿ ಹೇಳಿದಾಂವ ಹುನ್ನೂರಿನ ಮಾಳು. ಹೇಳಿಸ್ಕೊಂಡಾಕಿ ಆಂವನ ಹೆಂಡತಿ ರಂಜನಾ, ಮೂರ ತಿಂಗಳ ಬಸರಿ. ಗ್ವಾಡಿಗಿ ಆತು ಕುಂತಾಕಿ ಕಣ್ಣ ಸುದ್ದಾ ತೆಗೀಲಿಲ್ಲ.

"ಹೆಸರ ಬದಲ ಮಾಡೂದಾದ್ರ ಮೊದಲ ರೇಷನ್ ಕಾರ್ಡಿನ್ಯಾಗ ಮಾಡಸ್ರಿ. ಆಮ್ಯಾಲ ತ್ರಾಸ ಆಗ್ತೈತಿ" ಅಂದ್ಲು.

ಆಕೀದೇನೂ ತಪ್ಪಿಲ್ಲ ಬಿಡ್ರಿ. ಮಾಳುನ ಪ್ರತಿಜ್ಞಾ ಅಂದ್ರ ಮನಿಯಾಗ ಎಲ್ಲಾರಿಗೂ ಅಷ್ಟಕ್ಕಷ್ಟ. ಆಂವ ಸಮೀರವಾಡಿ ಕಾರ್ಖಾನಿಗಿ ಕಬ್ಬ ಹೊಡಿಯೋ ಟ್ರ್ಯಾಕ್ಟರ್ ಡ್ರೈವರ. ಮಳಿಗಾಲದಾಗ ಕಾರ್ಖಾನಿ ಬಂದ್ ಇದ್ದಾಗ ಕಟ್ಟಿ ಮ್ಯಾಲ ಕುಂತು ಕನಸ ಕಾಣತಿದ್ದ. ಕಾರ್ಖಾನಿ ಚಾಲೂ ಇದ್ದಾಗ ಟ್ರ್ಯಾಕ್ಟರ್ ಮ್ಯಾಲ ಕುಂತು ಕನಸ ಕಾಣತಿದ್ದ, ಅಷ್ಟ ಫರಕ. ಒಮ್ಮೆ ಹಂಗ ತೇಲ್ಕೋತ ತೇಲ್ಕೋತ ಕಾರ್ಖಾನಿ ಗೇಟ್ ದಾಟಿ, ಕಬ್ಬಿನ ಸಮೇತ ಮುಧೋಳ ಮುಟ್ಟಿದ್ದ! ಅಲ್ಲಿ ಒಬ್ಬಾಂವ "ಎಲ್ಲಿಗಿ ಹೊಂಟೀಯೋ ತಮ್ಮಾ?" ಅಂತ ಕೇಳಿದ ಮ್ಯಾಲ ಆಂವಗ ಎಚ್ಚರ ಆತು.

ಆದ್ರ ಖಂಡದ ಅಡಗಿ ವಿಷಯದಾಗ ಮಾತ್ರ ಯಾರೂ ಆಂವಗ ಎದರ ಮಾತಾಡಂಗಿಲ್ಲ. ಬೀರಪ್ಪನ ಒಕ್ಕಲ ಮಂದಿ ದ್ಯಾವರ ಮಾಡಿದಾಗ ಹಂಡೆಕ್ಕ ಹೆಂಗಸರು ಕೈ ಹಚ್ಚೂದಿಲ್ಲ. ಬಯಲಾಗ ಮೂರ ಕಲ್ಲ ಇಟ್ಟು, ಗಂಡಸರ ಕುದಸಬೇಕು. ಹಂತಾ ಹೊತ್ತಿನ್ಯಾಗ ಊರ ಮಂದಿ ಮೊದಲ ಕೇಳೂದು, "ಮಾಳು ಬಂದಾನಿಲ್ಲೋ?" ಅಂತ. ಎಂಥಾ ಮುದಿ ಟಗರಿದ್ರೂ ಮಾಳುನ ಕೈಯಾಗ ಬೆಣ್ಣಿ ಆಗತಿತ್ತು.

ಈಗಿನ ತ್ರಾಸ ಬ್ಯಾರೆ. ರಂಜನಾಗ ಊಟಾನ ಸೇರವಲ್ದು. ಹಾಲು, ಮೊಸರು, ಬೆಣ್ಣಿ, ತುಪ್ಪ, ಇವುಗಳ ವಾಸನಿ ಬಂದ್ರ ಸಾಕು, ಬಾಯಿಗಿ ಸೆರಗ ಹಿಡ್ಕೊಂಡು ಬಚ್ಚಲಕ್ಕ ಓಡತಿದ್ಲು. ಅದರಾಗ ಇದು ಎಮ್ಮಿ ಸಾಕಿದ ಮನಿ! ಅತ್ತಿ ಹಣಮವ್ವಗ ಗೊತ್ತಿದ್ದ ಔಷಧ ಎರಡ. ಒಂದು ಹಾಲು, ಇನ್ನೊಂದು ತುಪ್ಪ. ಸೊಸಿ ಒಣಗಿದಂಗೆಲ್ಲಾ ಆಕಿ ಬಟ್ಟಲ ಹಿಡ್ಕೊಂಡು ಬರಾಕಿ, ಆಕಿ ಬಂದಂಗೆಲ್ಲಾ ಸೊಸಿ ಓಡಾಕಿ. ಆಷಾಢ ಪೂರ್ತಿ ಇದ ಆತು.

ಇಷ್ಟರ ಮ್ಯಾಲ ರಂಜನಾಗ ದಿನಾ ನಸುಕಿನ್ಯಾಗ ಒಂದ ಕನಸು. ಮಂಜು ಬಿದ್ದ ಹೊಲ. ನಡುವ ಮೂರ ಕಲ್ಲಿನ ಒಲಿ, ಅದರ ಮ್ಯಾಲ ಹಂಡೆ. ಹೊಗಿ ಸಾವಕಾಶ ಮ್ಯಾಲ ಏರಿ ಮಂಜಿನ್ಯಾಗ ಕರಗತೈತಿ. ಹುರದ ಕೊಬ್ಬರಿ, ಲವಂಗ, ದಗಡಫೂಲದ ವಾಸನಿ ಹೊಲದ ತುಂಬ ತೇಲತೈತಿ. ರಂಜನಾ ಬರಿಗಾಲಲೆ ಇಬ್ಬನಿ ತುಳ್ಕೋತ ಹೋಗಿ ಗಂಗಾಳ ಚಾಚತಾಳ, ಗಂಗಾಳದಾಗ ಬಿಸಿ ರೊಟ್ಟಿ ಐತಿ. ಸೌಟು ಬಗ್ಗತೈತಿ, ಕೆಂಪನ್ನ ಸಾರು ಇನ್ನೇನ ರೊಟ್ಟಿ ಮ್ಯಾಲ ಬೀಳಬೇಕು, ಅಷ್ಟರಾಗ ಕೊಟ್ಟಿಗ್ಯಾಗಿನ ಎಮ್ಮಿ ಒದರತೈತಿ!

"ಆ ಎಮ್ಮಿ ಮಾರಿ ಬರ್ರಿ" ಅಂತ ಎದ್ದ ಕೂಡಲೆ ಗಂಡಗ ಹೇಳತಿದ್ಲು, ಕಣ್ಣಾಗ ನೀರ ತಂದು.

ಖಂಡ ತಂದು ಮಾಡಿ ಹಾಕಿದ್ರ ಮುಗದ ಹೋಗತಿತ್ತು. ಆದ್ರ ಶ್ರಾವಣ ಬಂದು ಕುಂತಿತ್ತಲ್ಲ! ಶ್ರಾವಣದಾಗ ಬೀರಪ್ಪನ ಒಕ್ಕಲಿನ ಯಾರ ಮನ್ಯಾಗೂ ಖಂಡ ಹೊಸ್ತಲಾ ದಾಟೂದಿಲ್ಲ. ಹಣಮವ್ವ ಒಂದ ಉಸರಿನ್ಯಾಗ ಎರಡೂ ಹೇಳತಿದ್ಲು:

"ಬಸರಿ ಬಯಕಿ ತೀರಸಬೇಕೋ ಮಾಳ್ಯಾ, ಇಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರತಾವ. ಹಂಗಂತ ಶ್ರಾವಣದಾಗ ಖಂಡ ಗಿಂಡ ಅಂದ್ರ ನಿನ್ನ ಕಾಲ ಮುರೀತೇನಿ!"

"ಮತ್ತ ನಾ ಏನ ಮಾಡ್ಲಿ ಬೇ ಯವ್ವ?"

"ಅದ ನನಗೇನ ಗೊತ್ತು? ಗಂಡ ನೀನು!"

ಖರೆ ಅಂದ್ರ ಮಾಳುಗ ಕೂಸಿನ ಕಿವೀಕಿಂತ ರಂಜನಾನ ಕೈ ನೋಡಿ ಹೆದರಿಕಿ ಆಗತಿತ್ತು. ಮದವ್ಯಾಗ ಬಿಗಿಯಾಗಿ ಕುಂತಿದ್ದ ಹಸರ ಬಳಿ ಈಗ ಕೈ ಎತ್ತಿದ್ರ ಮೊಣಕೈ ತನಕ ಜಾರತಿದ್ದುವು. ಹೆಂಗರೆ ಮಾಡಿ ಆಕಿ ಹೊಟ್ಟಿಗಿ ಎರಡ ತುತ್ತ ಹೋದ್ರ ಸಾಕಾಗಿತ್ತು ಆಂವಗ.

ಆವಾಗ ನೆನಪಾತು ನೋಡ್ರಿ ಅಣಬಿ! ಜೋಡಿ ಡ್ರೈವರ ರೇವಪ್ಪ ಒಮ್ಮೆ ಬೆಳಗಾಂವಿ ಹೋಟೆಲ್‌ನ್ಯಾಗ ಮಶ್ರೂಮ್ ಮಸಾಲಾ ತಿಂದು ಬಂದು ವರ್ಷಗಟ್ಟಲೆ ಅದನ್ನ ಹೇಳಿದ್ದ. "ಕಣ್ಣ ಮುಚ್ಚಿ ತಿಂದ್ರ ಮಟನ್ನ ನೋಡಲೇ!" ಅಂತ. ಮಾಳು ಲೆಕ್ಕಾ ಹಾಕಿದ. ಖಂಡ ಅಲ್ಲ, ಶ್ರಾವಣಕ್ಕ ಅಡ್ಡಿಲ್ಲ. ಹಾಲು, ಮೊಸರು, ತುಪ್ಪ ಒಂದ ಹನಿ ಹಾಕೂದಿಲ್ಲ, ಬರೇ ಕುಸುಬಿ ಎಣ್ಣಿ, ರಂಜನಾನ ಮೂಗಿಗೂ ಅಡ್ಡಿಲ್ಲ. ಮಸಾಲಿ ಮಾತ್ರ ಹಂಡೆ ಮಸಾಲಿ! ಹಿಂಗ ಶ್ರಾವಣಾನೂ ಗೆದ್ದು ಬಯಕೀನೂ ಗೆಲ್ಲೂ ಉಪಾಯ ಜಮಖಂಡಿ ಅರಸರ ಕಾಲದಾಗೂ ಯಾರಿಗೂ ಹೊಳದಿರಲಿಕ್ಕಿಲ್ಲ ಅಂತ ತನ್ನ ಬೆನ್ನ ತಾನ ಚಪ್ಪರಿಸ್ಕೊಂಡ.

ಒಂದ ಅಡಚಣಿ ಇತ್ತು. ಹಣಮವ್ವ ಅಣಬಿಗಿ ನಾಯಿಕೊಡಿ ಅಂತಿದ್ಲು. ತಿಪ್ಪಿ ಮ್ಯಾಲ ಏಳೂ ನಾಯಿಕೊಡಿ ಬಸರಿ ಸೊಸಿಗಿ ಹಾಕತೇನಿ ಅಂದ್ರ ಆಕಿ ಬಿಡೂ ಪೈಕಿ ಅಲ್ಲ. ಅದಕ್ಕ ರಂಜನಾನ ಕಿವಿಯಾಗಷ್ಟ ಹೇಳಿ, ಉಳದದ್ದೆಲ್ಲಾ ಗುಪ್ತ್ ಕಾರಭಾರ!

ಸ್ವಾಮಾರ ಮುಂಜಾನೆ ಜಮಖಂಡಿ ಬಸ್ ಹತ್ತಿದ. ಪ್ಯಾಟಿ ಎಲ್ಲಾ ಅಡ್ಡಾಡಿ, ಕಡೀಕ ಒಂದ ಅಂಗಡಿ ಫ್ರಿಜ್ಜಿನ್ಯಾಗ ಪ್ಲಾಸ್ಟಿಕ್ ಡಬ್ಬಿ ಒಳಗ ಬೆಳ್ಳಗ ಕುಂತಿದ್ದ ಅಣಬಿ ಸಿಕ್ಕುವು. ಎರಡ ಡಬ್ಬಿ ಕೊಂಡು, ಟಾವೆಲ್ ಸುತ್ತಿ, ತೊಡಿ ಮ್ಯಾಲ ಕೂಸಿನಂಗ ಇಟ್ಕೊಂಡು ಬಂದ.

ಮಧ್ಯಾಹ್ನದ ಮ್ಯಾಲ ಹಣಮವ್ವ ಬೀರಪ್ಪನ ಗುಡಿಗಿ ಭಜನಿಗಿ ಹೋದ್ಲು. ರಂಜನಾ ಒಳಗ ಮಲಗಿದ್ಲು. ಮಾಳು ಹಿತ್ತಲಾಗ ಮೂರ ಕಲ್ಲ ಇಟ್ಟು ಒಲಿ ಹೂಡಿದ. ಗಂಡಸರ ಅಡಗಿ ಬಯಲಾಗ ಆದ್ರನ ಚೆಂದ! ಖಾಲಿ ಅಣಬಿ ಡಬ್ಬಿ ಯವ್ವನ ಕಣ್ಣಿಗಿ ಬೀಳಬಾರದಂತ ಎರಡೂ ಒಲಿಯಾಗ ತುರುಕಿದ. ಪ್ಲಾಸ್ಟಿಕ್ ಚುರುಗುಟ್ಟಿ ಮುದುಡಿ, ಕರೆ ಹೊಗಿ ಗ್ವಾಡಿ ಹಾರಿ ಆಕಡೆ ಹೋತು. ಸಾಕ್ಷಿ ಸುಟ್ಟು ಹೋತಂತ ಮಾಳು ಖುಷಿಯಾದ.

ಆಕಾಶದಾಗ ಮಾಡ ಇತ್ತು, ಮಳಿ ಇರಲಿಲ್ಲ. ತಣ್ಣನ ಗಾಳಿ ಬೀಸತಿತ್ತು. ದೂರ ಗುಡಿಯಾಗಿನ ಭಜನಿ ತಾಳ ಒಮ್ಮೆ ಕೇಳತಿತ್ತು, ಒಮ್ಮೆ ಗಾಳಿ ಒಯ್ಯತಿತ್ತು. ಮಾಳು ಕೆಂಡದಾಗ ಉಳ್ಳಾಗಡ್ಡಿ ಸುಟ್ಟ. ಒಣಕೊಬ್ಬರಿ ಕೆಂಪಗ ಹುರದ. ಗಸಗಸಿ, ಧನಿಯಾ, ಲವಂಗ, ದಾಲ್ಚಿನ್ನಿ, ದಗಡಫೂಲ ಒಂದೊಂದ ಹಂಚಿನ ಮ್ಯಾಲ ಬಿದ್ದಂಗ ಒಂದೊಂದ ವಾಸನಿ ಎದ್ದು, ಎಲ್ಲಾ ಸೇರಿ ಹಿತ್ತಲಾಗ ಸುತ್ತಾಡಾಕತ್ತುವು. ಆ ವಾಸನ್ಯಾಗ ಮಾಳುನ ಕಣ್ಣ ಅರೆ ಮುಚ್ಚಿದುವು. ಮಸಾಲಿ ಒಳಕಲ್ಲಾಗ ರುಬ್ಬಕೋತ ರುಬ್ಬಕೋತ ಮನಸು ಹಗೂರಕ ಎದ್ದು ಹೊರಗ ಹೊಂಟಿತು.

ಇನ್ನ ಮುಂದ ಅಡಗಿ ಮಾಡಿದ್ದು ಮಾಳು ಅಲ್ಲ, ಆಂವನ ಕೈ! ಕೈಗಿ ಅಣಬಿ ಅಂದ್ರ ಏನ ಗೊತ್ತು? ಖಂಡಕ್ಕ ಏನೇನ ಮಾಡತಿತ್ತೋ ಅದನ್ನ ಮಾಡಿತು. ಅರಿಶಿಣ ಉಪ್ಪು ಹಚ್ಚಿ ತಿಕ್ಕಿತು. ಕುಸುಬಿ ಎಣ್ಯಾಗ ಮಸಾಲಿ ಹಾಕಿ ಎಣ್ಣಿ ಬಿಡೂ ತನಕ ಕೈಯಾಡಿಸಿತು. ಹಿತ್ತಲ ಗಿಡದ ಪಪ್ಪಾಯಿ ಕಾಯಿ ಕೊಯ್ದು, ಅದರದೊಂದ ಚೂರು ಜಜ್ಜಿ, ಎಲ್ಲಾನೂ ಕುಕ್ಕರಿಗಿ ಹಾಕಿತು. ಮುಚ್ಚಳ ತಿರುವಿ ಸೀಟಿ ಇಟ್ಟಿತು.

ಮಾಳು ಆವಾಗ ಎಲ್ಲಿದ್ದ? ಜಮಖಂಡಿ ಬಸ್ ಸ್ಟ್ಯಾಂಡ್ ಎದುರಿಗಿ! ಅಲ್ಲಿ ಒಂದ ಹೊಸಾ ಖಾನಾವಳಿ. ಬೋರ್ಡಿನ ಮ್ಯಾಲ ಸುತ್ತ ಲೈಟ ಹಚ್ಚಿದ ಅಕ್ಷರ: ಮಾಳು ಮಸಾಲಿ ಖಾನಾವಳಿ. ಕೋರ್ಟಿನ ವಕೀಲರು ಕರೆ ಕೋಟ ಮ್ಯಾಲ ಸಾರು ಚೆಲ್ಲಿಕೊಂಡು ಉಣ್ಣಾಕತ್ತಾರ. ಗಲ್ಲಾ ಮ್ಯಾಲ ರಂಜನಾ ಕುಂತಾಳ, ಕೆನ್ನಿ ತುಂಬ್ಯಾವ, ಬಳಿ ಮುಂಗೈ ಬಿಟ್ಟು ಸರಿಯವಲ್ಲುವು. ತೊಡಿ ಮ್ಯಾಲ ಒಂದ ದುಂಡನ್ನ ಕೂಸು. ಕೂಸು ಅಪ್ಪನ್ನ ನೋಡಿ ನಗತೈತಿ. ಮಾಳುನ ಎದಿ ತುಂಬಿ ಬಂತು. ಅಷ್ಟರಾಗ ಎಲ್ಲೋ ಕಾರ್ಖಾನಿ ಭೋಂಗಾ ಊದಿತು. "ಓಹೋ, ಸೀಸನ್ ಚಾಲೂ ಆತು, ಇನ್ನ ಡ್ರೈವರ್ ಮಂದಿ ಊಟಕ್ಕ ಬರ್ತಾರ" ಅಂತ ಮಾಳು ಸೌಟ ಹಿಡಿದ. ಮತ್ತ ಊದಿತು. ಮತ್ತ ಊದಿತು. ಎಷ್ಟ ಶಿಫ್ಟ್ ಬದಲಾದುವೋ ಆ ಬೀರಪ್ಪಗ ಗೊತ್ತು!

"ಮಾಳೂ! ಏ ಮಾಳೂ!"

ಖಾನಾವಳಿ ಮಾಯ ಆತು. ನಡುಗ್ವಾಡಿ ಮ್ಯಾಲ ಬಾಜೂಮನಿ ರತ್ನಾಬಾಯಿಯ ತಲಿ ಕಾಣಾಕತ್ತಿತ್ತು. ಶಿವಪೂಜಿ ಮಾಡೂ ಮನಿ ಆಕೀದು, ಶ್ರಾವಣದಾಗ ಒಂದ ಹೊತ್ತ ಊಟ. ಉಪವಾಸ ಇದ್ದ ಮೂಗು ಭಾಳ ಚುರುಕ ಇರತೈತಿ.

"ಏನ್ ಸುಟ್ಟಿ ಅಲ್ಲಿ? ಟಗರಿನ ತಲಿ ಸುಟ್ಟ ವಾಸನಿ ಬಂತಲ್ಲೋ!"

"ತಲಿ ಅಲ್ರೀ ಅಕ್ಕಾರ, ಡಬ್ಬಿ."

"ಡಬ್ಬಿ ಯಾರರೆ ಸುಡತಾರೇನು? ಕುಕ್ಕರಿನ್ಯಾಗ ಏನೈತಿ?"

ಅಣಬಿ ಅಂದ್ರ ಯವ್ವಗ ಸುದ್ದಿ ಮುಟ್ಟತೈತಿ. ಮಾಳು ತಲಿ ಕೆರಕೊಂಡ.

"ಅದು... ಅದನ್ನ ಆಮ್ಯಾಲ ಹೇಳ್ತೇನ್ರೀ ಅಕ್ಕಾರ."

ಅಷ್ಟ ಸಾಕಾತು. ರತ್ನಾಬಾಯಿ ತಲಿ ಗ್ವಾಡಿ ಮ್ಯಾಲಿಂದ ಇಳೀತು, ಗುಡಿಗಿ ಹೋತು.

ಭಜನಿ ನಿಂತದ್ದು ಮಾಳುಗ ಹಿತ್ತಲಾಗ ಕೇಳಿಸಿತು. ಆಮ್ಯಾಲ ಓಣಿ ತುಂಬ ಕಾಲ ಸಪ್ಪಳ. ಎಲ್ಲಾರಕಿಂತ ಮುಂದ ಹಣಮವ್ವ, ಹಿಂದ ಗುಡಿ ಹಿರ್ಯಾ ಜಕ್ಕಪ್ಪ ಮುತ್ಯಾ ಹೆಗಲ ಮ್ಯಾಲ ಕಂಬಳಿ ಹಾಕ್ಕೊಂಡು, ಆಂವನ ಹಿಂದ ಆಂವನ ಮುಧೋಳ ನಾಯಿ ಮೋತ್ಯಾ, ಅದರ ಹಿಂದ ತಾಳ ಕೈಯಾಗ ಹಿಡ್ಕೊಂಡ ಭಜನಿ ಮಂದಿ. ಗದ್ದಲಕ್ಕ ರಂಜನಾನೂ ಎದ್ದು ಹಿತ್ತಲ ಬಾಗಲಕ್ಕ ಬಂದು ನಿಂತ್ಲು.

"ಏ ಮೂಳಾ! ಶ್ರಾವಣ ಸ್ವಾಮಾರ! ನಾ ಅಲ್ಲಿ ದೇವರ ಮುಂದ ಹಾಡಾಕತ್ತೇನಿ, ನೀ ಇಲ್ಲಿ ಖಂಡ ಕುದಸಾಕತ್ತೀ?"

"ಖಂಡ ಅಲ್ಲ ಬೇ ಯವ್ವ! ಅಣಬಿ! ರಂಜನಾಗ ಗೊತ್ತೈತಿ, ಕೇಳು."

"ಹೌದ್ರೀ ಅತ್ತಿ, ಅಣಬಿ ತರ್ತೇನಿ ಅಂತ ಹೇಳಿದ್ರು" ಅಂದ್ಲು ರಂಜನಾ.

"ಹೇಳೂದೇನ, ಹೇಳೇ ಹೇಳತಾನ! ತಂದಿದ್ದು ನೀ ನೋಡಿಯೇನ?"

ರಂಜನಾ ನೋಡಿರಲಿಲ್ಲ.

ಜಕ್ಕಪ್ಪ ಮುತ್ಯಾ ಕೈ ಎತ್ತಿದ. "ಗದ್ಲ ಮಾಡಬ್ಯಾಡ್ರಿ. ಅಣಬಿ ಇದ್ರ ಅಣಬಿ ಕಾಣತಾವ. ತೆಗಿ ಮುಚ್ಚಳ."

ಮಾಳು ಧೈರ್ಯಲೆ ಮುಚ್ಚಳ ತೆಗೆದ. ಘಮ್ ಅಂತ ವಾಸನಿ ಎದ್ದು ಭಜನಿ ಮಂದಿ ಎಲ್ಲಾ ಒಂದ ಸಲ ಕಣ್ಣ ಮುಚ್ಚಿದ್ರು. ಕೆಂಪನ್ನ ಸಾರು, ಮ್ಯಾಲ ಎಣ್ಣಿ ತೇಲತಿತ್ತು. ಅಣಬಿ? ಮಾಳು ಸೌಟ ಆಡಿಸಿದ. ದಾಲ್ಚಿನ್ನಿ ಬಂತು. ಮತ್ತ ಆಡಿಸಿದ. ಎರಡ ಡಬ್ಬಿ ತುಂಬ ದುಂಡಗ ಬೆಳ್ಳಗ ಇದ್ದುವು ಎಲ್ಲಿ ಹೋದುವು? ಅಷ್ಟೊಂದು ಸೀಟಿ ತಿಂದು ಒಡದು, ಮುದುಡಿ, ಕಂದ ಬಣ್ಣದ ಪುಡಿ ಪುಡಿ ಚೂರಾಗಿ ತಳದಾಗ ಕುಂತಿದ್ದುವು. ಜಕ್ಕಪ್ಪ ಮುತ್ಯಾ ಬಗ್ಗಿ ನೋಡಿದ.

"ತಮ್ಮಾ, ಇದಕ್ಕ ಖೀಮಾ ಅಂತಾರ."

"ಅಲ್ಲ ಮುತ್ಯಾ! ಬೀರಪ್ಪನ ಆಣಿ, ಅಣಬಿ!"

"ಡಬ್ಬ್ಯಾಗ ಬಂದಿದ್ದುವೇನು? ಡಬ್ಬಿ ತೋರಸು."

ಮಾಳು ಒಲಿ ಕಡೆ ನೋಡಿದ. ಒಲಿಯಾಗ ಬೂದಿ ಇತ್ತು.

"ಹಂಗಂದ್ರ ಯಾರರೆ ತಿಂದ ನೋಡ್ರಿ!" ಅಂದ ಮಾಳು. ಆದ್ರ ತಿನ್ನಾವರ ಯಾರು? ಅಣಬಿ ಆಗಿದ್ರ ಛಲೋ ಆತು. ಖಂಡ ಆಗಿದ್ರ ತಿಂದಾವರ ಶ್ರಾವಣ ಕೆಡತೈತಲ್ಲ! ಭಜನಿ ಮಂದಿ ಒಬ್ಬರ ಮಾರಿ ಒಬ್ಬರು ನೋಡಿ, ಜೊಲ್ಲ ನುಂಗಿ, ಹಿಂದ ಸರದ್ರು.

"ನಾ ತಿಂತೇನ್ರೀ" ಅಂದ್ಲು ರಂಜನಾ.

ಎಲ್ಲಾರೂ ತಿರುಗಿ ನೋಡಿದ್ರು. ಆಕಿ ಬಾಗಲ ಬಿಟ್ಟು ಮುಂದ ಬಂದಿದ್ಲು. ಬಾಯಿಗಿ ಸೆರಗಿಲ್ಲ! ಮೂಗು ಅರಳಿತ್ತು, ಕಣ್ಣ ಎಲ್ಲೋ ಮಂಜಿನ್ಯಾಗ ನೋಡಿದಂಗ ಇದ್ದುವು. "ಇದ ವಾಸನಿ ರೀ ಅತ್ತಿ, ದಿನಾ ಕನಸಿನ್ಯಾಗ ಬರೂದು" ಅಂತ ಒಂದ ಬಟ್ಟಲ ತಂದು ತಾನ ಬಡಿಸ್ಕೊಂಡ್ಲು. ಮಾಳುನ ಕಣ್ಣಾಗ ನೀರ ಬಂತು. ಗೆದ್ದೆ ಅಂದ್ಕೊಂಡ. ಆಕಿ ಬೆರಳ ಸಾರಿನ್ಯಾಗ ಅದ್ದಿ ತುಟಿ ತನಕ ತಂದ್ಲು. ಅಷ್ಟರಾಗ ಮಾಳುನ ಕಣ್ಣ ಹಿತ್ತಲ ಗಿಡದ ಮ್ಯಾಲ ಬಿತ್ತು. ಗಿಡದಾಗ ಒಂದ ಕಾಯಿ ಕಡಿಮಿ ಇತ್ತು, ತೊಟ್ಟಿನಿಂದ ಬೆಳ್ಳನ್ನ ಹಾಲು ಇನ್ನೂ ಸೋರತಿತ್ತು.

"ತಿನಬ್ಯಾಡ!"

ಹಾರಿ ಹೋಗಿ ಬಟ್ಟಲ ಕಸ್ಕೊಂಡ. ಸಾರು ಅಂಗಿ ಮ್ಯಾಲ ಚೆಲ್ಲಿತು. ಆಕಿ ಬೆರಳ ತನ್ನ ಟಾವೆಲ್‌ಲೆ ಮೂರ ಸಲ ಒರಸಿದ.

"ನೋಡ್ರಿ! ಖಂಡ ಇರದಿದ್ರ ಯಾಕ ಕಸ್ಕೋತಿದ್ದ?" ಅಂದ್ಲು ರತ್ನಾಬಾಯಿ.

"ಖಂಡ ಅಲ್ರೀ ಅಕ್ಕಾರ... ಪಪ್ಪಾಯಿ ಕಾಯಿ ಹಾಕೇನ್ರಿ!"

ಮೊದಲ ಹಣಮವ್ವನ ಬಾಯಿ ತೆರೀತು.

"ಬಸರಿ ಹೆಂಗಸಿಗಿ ಪಪ್ಪಾಯಿ ಕಾಯಿ! ಯಪ್ಪಾ ಬೀರಪ್ಪಾ! ಶತ್ರು ಸುದ್ದಾ ಹಾಕೂದಿಲ್ಲಲ್ಲೋ!"

"ಗೊತ್ತಾಗಲಿಲ್ಲ ಬೇ! ಕೈ ತಾನ ಹಾಕಿತು! ಖಂಡ ಬೇಯ್ಲಿ ಅಂತ ಯಾವಾಗ್ಲೂ ಹಾಕತಿದ್ನೆಲ್ಲ..."

"ಹಾಂ! ಖಂಡ ಬೇಯ್ಲಿ ಅಂತ!" ಜಕ್ಕಪ್ಪ ಮುತ್ಯಾ ಬೆರಳ ಎತ್ತಿದ. "ಪಪ್ಪಾಯಿ ಹಾಕೂದು ಮುದಿ ಟಗರಿಗಿ. ಅಣಬಿಗಿ ಪಪ್ಪಾಯಿ ಹಾಕಿದಾಂವನ್ನ ನಾ ಹುಟ್ಟಿದಾಗಿಂದ ಕಂಡಿಲ್ಲ. ಬಾಯಿಲೆ ಒಪ್ಪಿದಿ ನೋಡು!"

ಮಾಳು ಕುಕ್ಕರ್ ಬಾಜೂಕ ದೊಪ್ಪನ ಕುಂತ. ಖಂಡಗಳ್ಳ ಅಂತ ಹೆಸರ ಬಂತು, ಬರಲಿ. ಇನ್ನ ಒಂದ ಗಳಿಗಿ ತಡ ಆಗಿದ್ರ ಆಕಿ ಬಾಯಿಗಿ ಏನ ಹೋಗತಿತ್ತು ಅಂತ ನೆನಸಿ ಆಂವ ಬಟ್ಟಲ ದೂರ ಸರಿಸಿದ. ಅದಕ್ಕಿಂತ ಹೆಚ್ಚಿಂದು, ಇಷ್ಟ ದಿನಕ್ಕ ಮೊದಲ ಸಲ ಉಣ್ಣಾಕ ಕೈ ಚಾಚಿದಾಕಿ ಕೈಯಿಂದ ತಾನ ಕಸ್ಕೊಂಡಿದ್ದ. ಹಂತಾ ಗಂಡಸು ಮಾರಿ ಮ್ಯಾಲ ಟಾವೆಲ್ ಹಾಕ್ಕೊಂಡು ಬಿಕ್ಕಿದ.

ಆಂವ ಅಳೂದ ನೋಡಿ ಜಕ್ಕಪ್ಪ ಮುತ್ಯಾನ ಮನಸ ಕರಗಿತು. "ತಡೀರಿ" ಅಂದ. "ನಾವ್ಯಾರೂ ತಿನ್ನೂ ಹಂಗಿಲ್ಲ. ಆದ್ರ ಶ್ರಾವಣ ಇಲ್ಲದಾಂವ ಒಬ್ಬಾಂವ ಇಲ್ಲಿ ಅದಾನ. ಕುರಿ ಹಿಂಡಿನ್ಯಾಗ ಬೆಳದಾಂವ, ಖಂಡದ ವಿಷಯದಾಗ ಸುಳ್ಳ ಹೇಳಾಂವ ಅಲ್ಲ. ಮೋತ್ಯಾ, ಬಾ ಇಲ್ಲಿ!"

ಮೋತ್ಯಾ ಬಂತು. ಎತ್ತರಕ್ಕ, ತೆಳ್ಳಗ, ಸಾಹೇಬರಂಗ ಹೆಜ್ಜಿ ಇಟ್ಕೋತ. ಮುತ್ಯಾ ಸಾರಿನ ತಳದಾಗಿನ ಚೂರು ಎಲ್ಲಾ ಬಸದು, ಆರಿಸಿ, ಎಲಿ ಮ್ಯಾಲ ಹಾಕಿದ. ಭಜನಿ ಮಂದಿ ಉಸರ ಬಿಗಿ ಹಿಡದ್ರು. ತಿಂದ್ರ ಖಂಡ, ಬಿಟ್ರ ಅಣಬಿ! ಮಾಳು ಟಾವೆಲ್ ಸರಿಸಿ ಕೈ ಮುಗದು ನಾಯಿ ಮುಂದ ಕುಂತ.

ಮೋತ್ಯಾ ಮೂಸಿತು. ಒಂದ ಚೂರ ನಾಲಿಗಿ ಮ್ಯಾಲ ತಗೊಂಡಿತು. ತಡದು ತಿಳ್ಕೊಂಡಿತು. ಥೂ ಅಂತ ಉಗುಳಿತು, ಎರಡ ಸಲ ಸೀನಿತು, ಹಿಂದಿನ ಕಾಲಲೆ ಮಣ್ಣ ಕೆದರಿ ಆ ಎಲಿ ಮ್ಯಾಲ ಹಾಕಿ ಮುಚ್ಚಿತು! ಆಮ್ಯಾಲ ಗ್ವಾಡಿ ಬುಡಕ ಬಿದ್ದಿದ್ದ ಹಳೇ ಒಣ ರೊಟ್ಟಿ ತುಂಡ ಕಚ್ಕೊಂಡು, ಮಾಳುನ ಕಡೆ ತಿರುಗಿ ಸುದ್ದಾ ನೋಡದ, ಮೂಲಿಗಿ ಹೋಗಿ ಮಲಗಿತು.

"ಖಂಡ ಅಲ್ಲ!" ಅಂತ ಜಕ್ಕಪ್ಪ ಮುತ್ಯಾ ತೀರ್ಪ ಕೊಟ್ಟ. "ಮಾಳು ಶ್ರಾವಣ ಕೆಡಿಸಿಲ್ಲ."

"ಶ್ರಾವಣ ಕೆಡಿಸಿಲ್ಲ, ಅಡಗಿ ಕೆಡಿಸ್ಯಾನ" ಅಂದ್ಲು ರತ್ನಾಬಾಯಿ.

ಹಂಡೆ ಮ್ಯಾಲ ಕೈ ಇಟ್ರ ಊರಿಗಿ ಊರ ಜೊಲ್ಲ ಸುರಿಸಿದ ಮಾಳುನ ಅಡಗಿ ಮ್ಯಾಲ ನಾಯಿ ಮಣ್ಣ ಹಾಕಿತ್ತು! ಮಾಳುನ ಮಾರಿ ನೋಡೂ ಹಂಗಿರಲಿಲ್ಲ. ಸಾರು ಹನಿಯೋ ಅಂಗಿ, ಕೈಯಾಗ ಸೌಟು, ಎದುರಿಗಿ ಮಣ್ಣಿನ ಗುಡ್ಡಿ.

ಮೊದಲ ಒಂದ ಸಣ್ಣ ಸಪ್ಪಳ ಬಂತು. ರಂಜನಾ ಬಾಯಿಗಿ ಸೆರಗ ಹಿಡದಿದ್ಲು. ಅಯ್ಯೋ, ಮತ್ತ ಬಚ್ಚಲಕ್ಕ ಓಡತಾಳಂತ ಮಾಳು ಎದ್ದ. ಆಕಿ ಓಡಲಿಲ್ಲ. ನಗಾಕತ್ತಿದ್ಲು! ಸೆರಗ ಬಾಯಾಗಿಂದ ಬಿತ್ತು, ನಗಿ ತಡಿಯಾಕ ಆಗಲಿಲ್ಲ. ಬಾಗಲ ಹಿಡದು ನಕ್ಕಳು, ಕುಂತು ನಕ್ಕಳು, "ನಾಯಿ... ಮಣ್ಣ..." ಅಂತ ಏನೇನೋ ಅಂದು ಕಣ್ಣೀರ ಬರೂ ತನಕ ನಕ್ಕಳು. ಆಕಿ ನಗೂದ ನೋಡಿ ಹಣಮವ್ವ ನಕ್ಕಳು, ಭಜನಿ ಮಂದಿ ತಾಳ ಬಡ್ಕೊಂಡು ನಕ್ಕರು. ಎಷ್ಟೋ ದಿನದಿಂದ ಮಂಕ ಬಡದಂಗಿದ್ದ ಮನಿ ಅದು, ಹೆಂಚ ಹಾರಿ ಹೋಗೂವಷ್ಟ ನಗಿ ಎದ್ದಿತು.

ನಕ್ಕು ನಕ್ಕು ದಣದು ರಂಜನಾ ಹೊಟ್ಟಿ ಮ್ಯಾಲ ಕೈ ಇಟ್ಕೊಂಡ್ಲು.

"ಅತ್ತಿ, ಯಾಕೋ ಹಸಿವ್ಯಾಗೇತ್ರಿ."

ಹಣಮವ್ವ ಕಾಲಿಗಿ ರೆಕ್ಕಿ ಬಂದಂಗ ಒಳಗ ಓಡಿದ್ಲು. ಬಿಸಿ ಜೋಳದ ರೊಟ್ಟಿ, ಕೆಂಪ ಖಾರ, ಅದರ ಮ್ಯಾಲ ಕುಸುಬಿ ಎಣ್ಣಿ, ಬಾಜೂಕ ಗುದ್ದಿದ ಉಳ್ಳಾಗಡ್ಡಿ. ತುಪ್ಪದ ಗಡಿಗಿ ಕಡೆ ಕೈ ಹೋಗಿತ್ತು, ತಡದು ಹಿಂದ ತಗೊಂಡ್ಲು. ರಂಜನಾ ಹಿತ್ತಲ ಕಟ್ಟಿ ಮ್ಯಾಲ ಕುಂತು ಒಂದ ರೊಟ್ಟಿ ಉಂಡ್ಲು. ಮತ್ತೊಂದ ಕೇಳಿದ್ಲು. ಬಚ್ಚಲದ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ. ಮಾಳು ದೂರ ನಿಂತು ಒಂದೊಂದ ತುತ್ತ ಒಳಗ ಹೋಗೂದ ನೋಡಾಕತ್ತಿದ್ದ. ಸಂಜಿ ಬಿಸಲು ಮಾಡ ಸರಿಸಿ ಆಕಿ ಮಾರಿ ಮ್ಯಾಲ ಬಿದ್ದಿತ್ತು.

ಮಂದಿ ಎಲ್ಲಾ ಹೋದ ಮ್ಯಾಲ ಆಂವ ಹಗೂರಕ ಹೋಗಿ ಆಕಿ ಬಾಜೂಕ ಕುಂತ.

"ರೀ, ನಾಳೆನೂ ಏನರೆ ಅಡಗಿ ಮಾಡ್ರಿ" ಅಂದ್ಲು ರಂಜನಾ, ಬೆರಳ ನೆಕ್ಕೋತ.

ಮಾಳುನ ಎದಿ ಮತ್ತ ಉಬ್ಬಿತು. "ಖರೆನ? ಹಂಗಂದ್ರ ನನ್ನ ಕೈ ಮ್ಯಾಲ ನಿನಗ ಇನ್ನೂ ನಂಬಿಕಿ ಐತೆಲ್ಲ! ಹೇಳು, ಏನ ಮಾಡ್ಲಿ?"

"ಏನರೆ ಮಾಡ್ರಿ. ನೀವು ಅಡಗಿ ಮಾಡೂದ ನೋಡಿದ್ರ ನಂಗ ನಗಿ ಬರತೈತಿ, ನಕ್ರ ಹಸಿವ್ಯಾಗತೈತಿ. ಉಣ್ಣಾಕ ಹೆಂಗೂ ಅತ್ತಿ ಮಾಡಿದ ರೊಟ್ಟಿ ಇರತಾವಲ್ಲ!"